ಕೈದಿಗಳ ಪರ ದನಿ ಎತ್ತುವವರಿಗೆ ಬೇಕು ನಮ್ಮ ಬೆಂಬಲ

ಫಾದರ್ ಸ್ಟ್ಯಾನ್ ಸ್ವಾಮಿ ಅವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಜಾರ್ಖಂಡ್‌ಗೆ ಹೋಗುವ ಮುನ್ನ ಅವರು ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದವರು. ಅಲ್ಲಿ ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರವಾಗಿ ಹೈಕೋರ್ಟಿಗೂ ಹೋದರು.

2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರನ್ನೇ ಬಂಧಿಸಲಾಯಿತು. ಮಾವೋವಾದಿ ನಂಟಿನ ಆರೋಪವನ್ನು ಅವರು ನಿರಾಕರಿಸಿದರು. ಆಗ ಅವರಿಗೆ 83 ವರ್ಷ. ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯುವ ಸ್ಟ್ರಾಗಾಗಿ ಕೋರ್ಟಿನ ಮೊರೆ ಹೋಗಬೇಕಾಯಿತು. 2021ರ ಜುಲೈ 5ರಂದು ತೀರಿಕೊಂಡಾಗ ಜಾಮೀನು ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ, ವಿಚಾರಣೆಯೂ ಶುರುವಾಗಿರಲಿಲ್ಲ.

ಇದು ಒಬ್ಬರ ಕಥೆಯಲ್ಲ. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಸಾಬೀತಾಗಿರಲಿಲ್ಲ. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿಯುವ ಬಡವರೂ ಇದ್ದಾರೆ. ಇಂಥವರ ಪರ ಓಡಾಡುವವರನ್ನೇ ಒಳಗೆ ಹಾಕಿದರೆ ಕೇಳುವವರಾರು?

ದೂರದಲ್ಲಿರುವ ನಾವೇನು ಮಾಡಬಹುದು? ಉಚಿತ ಕಾನೂನು ನೆರವು ನೀಡುವ ಸಂಸ್ಥೆಗಳಿಗೆ ಕೈಲಾದಷ್ಟು ಕೊಡಬಹುದು. ಆದರೆ ಒಂದು ಎಚ್ಚರ: ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ವಿಚಾರಿಸಿಯೇ ಕೊಡೋಣ. ನಮ್ಮ ಹಣ ಅವರಿಗೆ ಹೊಸ ತೊಂದರೆ ತರಬಾರದು.