ಅಂಗಳಕ್ಕೆ ಬಂದ ಎಂಜಿನ್

ಈ ತಿಂಗಳ ಅಂಚೆಯಲ್ಲಿ ವಾಡಿಯ ತಾಯಿಯೊಬ್ಬರ ಪತ್ರ ಬಂದಿದೆ. ಅವರ ಮಾವನವರು ರೈಲ್ವೆಯಲ್ಲಿ ಉಗಿ ಎಂಜಿನ್ನುಗಳ ಫಿಟ್ಟರ್ ಆಗಿ ದುಡಿದವರು. ಈಗ ವಯಸ್ಸಾಗಿ ದೃಷ್ಟಿ ಮಂದವಾಗಿದೆ. ಮಗ ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ. ಬಂಧುಗಳೊಬ್ಬರು ಜರ್ಮನಿಯಿಂದ ತಂದುಕೊಟ್ಟ ದೊಡ್ಡ ಗಾತ್ರದ ಆಟಿಕೆಯ ಎಂಜಿನ್ನನ್ನು ಆತ ಪೂರ್ತಿ ಬಿಚ್ಚಿ ಹಾಕಿ, "ಇದನ್ನು ಮುತ್ಯಾನ ಎಂಜಿನ್ ಮಾಡುತ್ತೇನೆ" ಎಂದು ಹಟ ಹಿಡಿದು ಕುಳಿತಿದ್ದಾನೆ. ರಜೆಯೆಲ್ಲ ಅರ, ತಗಡು, ಬೆಸುಗೆಗಳಲ್ಲಿಯೇ ಕಳೆಯುತ್ತಿದೆ. ತಂದೆಗೆ ಸಿಟ್ಟು. ತಾಯಿ ಬರೆಯುತ್ತಾರೆ: ಇದನ್ನು ಬಿಡಿಸಬೇಕೇ, ಬೆಂಬಲಿಸಬೇಕೇ?

ಬಿಡಿಸಬೇಡಿರಿ ಎಂಬುದೇ ನಮ್ಮ ಉತ್ತರ. ಆದರೆ ಹುಡುಗನು ಕೈಗೆತ್ತಿಕೊಂಡದ್ದು ಎಂಥ ಕೆಲಸವೆಂಬುದನ್ನು ಮನೆಮಂದಿಯೆಲ್ಲ ತಿಳಿದಿರುವುದು ಒಳ್ಳೆಯದು. ಆದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ವಾಡಿಯವರಿಗೆ ರೈಲಿನ ಮಾತು ಹೊಸದೇನಲ್ಲ. ಮುಂಬಯಿಯಿಂದ ಸೊಲ್ಲಾಪುರ, ಕಲಬುರ್ಗಿ, ಶಹಾಬಾದಗಳ ಮೇಲೆ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಮೂರು ವರ್ಷಗಳ ನಂತರ, 1874ರಲ್ಲಿ, ನಿಜಾಮರ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ಹಾದಿ ತೆರೆಯಿತು. ಚಿತ್ತಾಪುರ, ಸೇಡಂ ಊರುಗಳು ಈ ಹಾದಿಯ ಮೇಲಿವೆ. ಅಂದಿನಿಂದ ವಾಡಿ ಜಂಕ್ಷನ್ ಆಯಿತು. ಈ ಎರಡೂ ಹಾದಿಗಳು ಮೊದಲಿನಿಂದಲೂ ಬ್ರಾಡ್ ಗೇಜ್. ಎರಡು ಹಳಿಗಳ ನಡುವೆ 1676 ಮಿಲಿಮೀಟರ್, ಹಳೆಯ ಲೆಕ್ಕದಲ್ಲಿ ಐದೂವರೆ ಅಡಿ. ಈ ಒಂದು ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು. ಹುಡುಗನ ಕಷ್ಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಜಗತ್ತಿನ ಬಹುಪಾಲು ಮಾದರಿ ರೈಲುಗಳು ಯುರೋಪು, ಅಮೆರಿಕಗಳ 1435 ಮಿ.ಮೀ. ಹಳಿಯನ್ನು ಅನುಸರಿಸಿ ಮಾಡಿದವು. ಮೇಜಿನ ಮೇಲೆ ಓಡಿಸುವ ಚಿಕ್ಕ ಮಾದರಿಯಲ್ಲಿ 87 ಅಂಗುಲವನ್ನು ಒಂದಂಗುಲಕ್ಕೆ ಇಳಿಸುತ್ತಾರೆ; ಅದರ ಹಳಿ ಹದಿನಾರೂವರೆ ಮಿ.ಮೀ. ಅಗಲ. ಪುಣೆಯ ಕೊಥರೂಡಿನಲ್ಲಿ ಭಾವು ಜೋಶಿಯವರು ಕಟ್ಟಿ, 1998ರಲ್ಲಿ ಜನರಿಗೆ ತೆರೆದ ಕಿರು ರೈಲುಗಳ ಸಂಗ್ರಹಾಲಯ ಈ ಪ್ರಮಾಣದ್ದು. ಅದಕ್ಕಿಂತ ದೊಡ್ಡದು, ಅಂಗಳದಲ್ಲಿ ಓಡುವಂಥದ್ದು, 45 ಮಿ.ಮೀ. ಹಳಿಯದು. ನ್ಯೂರೆಂಬರ್ಗಿನ ಲೆಹ್‌ಮನ್ ಸಂಸ್ಥೆ 1968ರಲ್ಲಿ ಈ ಹಳಿಯ ಮೇಲೆ ಒಂದು ಹೊಸ ಬಗೆಯನ್ನು ಹೊರತಂದಿತು. ಮಾರುಕಟ್ಟೆಯಲ್ಲಿ ಎಲ್.ಜಿ.ಬಿ. ಎಂದು ಹೆಸರಾದದ್ದು ಅದೇ. ಅಲ್ಲಿ ಇಳಿಕೆ ಇಪ್ಪತ್ತೆರಡೂವರೆಗೆ ಒಂದು. ಗುಣಿಸಿ ನೋಡಿದರೆ 45 ಮಿ.ಮೀ. ಹಳಿ ಸರಿಯಾಗಿ ಮೀಟರ್ ಗೇಜಿಗೆ ಹೊಂದುತ್ತದೆ. ನಮ್ಮ ಹುಬ್ಬಳ್ಳಿ, ಮೈಸೂರು ಕಡೆಯವರು ಹಿಂದೆ ಓಡಾಡಿದ ಮೀಟರ್ ಗೇಜಿನ ವೈ.ಪಿ., ವೈ.ಜಿ. ಎಂಜಿನ್ನುಗಳನ್ನು ಮಾಡಬಯಸುವವನಿಗೆ ಈ ಹಳಿ ವರವಿದ್ದಂತೆ. ವಾಡಿಯ ಹುಡುಗನಿಗೆ ಆ ಭಾಗ್ಯವಿಲ್ಲ. ಇಪ್ಪತ್ತೆರಡೂವರೆಯ ಪ್ರಮಾಣದಲ್ಲಿ ಬ್ರಾಡ್ ಗೇಜಿಗೆ ಸುಮಾರು 74 ಮಿ.ಮೀ. ಅಗಲದ ಹಳಿ ಬೇಕು. ಅಂಥ ಹಳಿ ಯಾವ ಅಂಗಡಿಯಲ್ಲಿಯೂ ಸಿಕ್ಕುವಂತಿಲ್ಲ. ಬಂದ ಆಟಿಕೆಯ ಗಾಲಿಗಳ ಮೇಲೆಯೇ ನಮ್ಮ ಎಂಜಿನ್ನಿನ ಮೈ ಕೂರಿಸಿದರೆ, ದಷ್ಟಪುಷ್ಟ ಮನುಷ್ಯನು ಕಾಲುಗಳನ್ನು ಒತ್ತಿಕೊಂಡು ನಿಂತಂತೆ ಕಾಣುತ್ತದೆ. ದೂರದಿಂದ ನೋಡುವವರಿಗೆ ತಿಳಿಯಲಿಕ್ಕಿಲ್ಲ. ಆದರೆ ಮೂವತ್ತು ವರ್ಷ ಆ ಗಾಲಿಗಳ ನಡುವೆ ತೂರಿಕೊಂಡು ಕೆಲಸ ಮಾಡಿದ ಮುತ್ಯಾನ ಕೈ ಒಮ್ಮೆ ಸವರಿದರೆ ಸಾಕು, ತಿಳಿದುಬಿಡುತ್ತದೆ.

ನಮ್ಮ ಸಲಹೆ ಕೇಳುವುದಾದರೆ, ಹುಡುಗನು 32ಕ್ಕೆ ಒಂದರ ಪ್ರಮಾಣವನ್ನು ಹಿಡಿಯಲಿ. ಆಗ ಬ್ರಾಡ್ ಗೇಜ್ ಐವತ್ತೆರಡೂವರೆ ಮಿ.ಮೀ.ಗೆ ಇಳಿಯುತ್ತದೆ. ಆಟಿಕೆಯಿಂದ ಮೋಟಾರು, ಹಲ್ಲುಗಾಲಿಗಳನ್ನು ಮಾತ್ರ ಉಳಿಸಿಕೊಂಡು, ಗಾಲಿಯ ಅಚ್ಚುಗಳನ್ನು ಲೇಥಿನ ಮೇಲೆ ಹೊಸದಾಗಿ ಉದ್ದ ಮಾಡಿಸಿಕೊಳ್ಳಬೇಕು. ಹಳಿಯನ್ನು ತಾನೇ ಹಾಕಿಕೊಳ್ಳಬೇಕು. ಡಬ್ಲ್ಯು.ಪಿ. ಎಂಜಿನ್ನಿನ ಉದ್ದ ಟೆಂಡರ್ ಸೇರಿ ಹೆಚ್ಚುಕಡಿಮೆ 24 ಮೀಟರ್. ಈ ಪ್ರಮಾಣದಲ್ಲಿ ಅದು ಮುಕ್ಕಾಲು ಮೀಟರ್ ಆಗುತ್ತದೆ. ಅದರ ದೊಡ್ಡ ಗಾಲಿಗಳು ಐದಡಿ ಏಳಂಗುಲದವು. ಮಾದರಿಯಲ್ಲಿ 53 ಮಿ.ಮೀ. ಬರುತ್ತವೆ. ಎಲ್.ಜಿ.ಬಿ.ಯವರ ಅತಿ ಬಿಗಿಯಾದ ತಿರುವಿನ ತ್ರಿಜ್ಯ 60 ಸೆಂಟಿಮೀಟರ್. ಅಂಥ ತಿರುವಿನಲ್ಲಿ ಈ ಉದ್ದನೆಯ ಎಂಜಿನ್ ಹಳಿ ಬಿಟ್ಟೇ ಇಳಿಯುತ್ತದೆ. ಐದಾರು ಮೀಟರ್ ಅಗಲದ ಅಂಗಳವಾದರೂ ಬೇಕೆಂದು ತಿಳಿಯಿರಿ.

ದೊಡ್ಡದಾಗಿ ಮಾಡಿದರೆ ಕೆಲಸ ಸುಲಭವೆಂದು ಹಲವರು ಭಾವಿಸುತ್ತಾರೆ. ಕೈಗೆ ಹಿಡಿತ ಸಿಕ್ಕುವುದೇನೋ ನಿಜ. ಆದರೆ ಉದ್ದ ಎರಡರಷ್ಟಾದರೆ ಭಾರ ಎಂಟರಷ್ಟಾಗುತ್ತದೆ ಎಂಬ ನಿಯಮವನ್ನು ಮರೆತವರು ಮೋಟಾರು ಸುಟ್ಟುಕೊಳ್ಳುತ್ತಾರೆ. ನಾವೆಲ್ಲ ಕಂಡಿರುವ ಡಬ್ಲ್ಯು.ಡಿ.ಎಂ.-2 ಡೀಸೆಲ್ ಎಂಜಿನ್ನಿನ ತೂಕ ಸುಮಾರು 113 ಟನ್. ಲೆಕ್ಕ ಹಾಕಿದರೆ 87ರ ಪ್ರಮಾಣದಲ್ಲಿ ಅದು 170 ಗ್ರಾಂ ತೂಗಬೇಕು. 32ರಲ್ಲಿ ಮೂರೂವರೆ ಕಿಲೋ. ಇಪ್ಪತ್ತೆರಡೂವರೆಯಲ್ಲಿ ಹತ್ತು ಕಿಲೋ. ಮೇಜಿನ ಎಂಜಿನ್ನನ್ನು ಮಗು ಬೆರಳಿನಿಂದ ಎತ್ತುತ್ತದೆ. ಅಂಗಳದ ಎಂಜಿನ್ನು ಕಾಲಮೇಲೆ ಬಿದ್ದರೆ ನೋವು ಮಾಡುತ್ತದೆ. ಜಾತ್ರೆಯಲ್ಲಿ ಉಚ್ಛಾಯಿ ಕಟ್ಟುವವರನ್ನೂ ತೇರು ಕಟ್ಟುವವರನ್ನೂ ಕೇಳಿ ನೋಡಿರಿ. ಉಚ್ಛಾಯಿಯ ಅಚ್ಚನ್ನೇ ಅಳತೆ ಹಿಗ್ಗಿಸಿ ತೇರಿಗೆ ಹಾಕಲು ಯಾವ ಬಡಿಗನೂ ಒಪ್ಪಲಾರ.

ಇನ್ನು ನಮ್ಮ ಮಾತಿನ ಮುಖ್ಯ ಭಾಗಕ್ಕೆ ಬರೋಣ. ಚಿಕ್ಕ ಮಾದರಿಯಲ್ಲಿ ಗಾಲಿಗಳಿಗೆ ಜೋಡಿಸಿದ ದಂಡಗಳು ಕೇವಲ ಅಲಂಕಾರ. ದೊಡ್ಡದರಲ್ಲಿ ಹಾಗಲ್ಲ, ಒಂದೊಂದು ದಂಡವೂ ಕಣ್ಣಿಗೆ ಬೀಳುತ್ತದೆ, ತಪ್ಪಿದ್ದರೆ ತಪ್ಪೂ ಬೀಳುತ್ತದೆ. ಉಗಿ ಎಂಜಿನ್ನಿನ ಎಡಗಡೆಯ ದಂಡ ಮೇಲಿದ್ದಾಗ ಬಲಗಡೆಯದು ಅದರಿಂದ ಕಾಲು ಸುತ್ತು ಅಂತರದಲ್ಲಿರಬೇಕು. ಎರಡೂ ಕಡೆಯ ದಂಡಗಳು ಏಕಕಾಲಕ್ಕೆ ಸತ್ತ ಜಾಗಕ್ಕೆ ಬಂದರೆ ಎಂಜಿನ್ ನಿಂತಲ್ಲಿಂದ ಹೊರಡುವುದೇ ಇಲ್ಲ. ಅದಕ್ಕೆಂದೇ ಈ ಏರ್ಪಾಡು. ಡಬ್ಲ್ಯು.ಪಿ.ಗೆ ಮೂರು ಜೊತೆ ದೊಡ್ಡ ಗಾಲಿಗಳು. ಮೂರರಲ್ಲಿಯೂ ಈ ಕೋನ ಒಂದೇ ಆಗಿರಬೇಕು. ಒಂದು ಅಚ್ಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ದಂಡಗಳು ಬಿಗಿಹಿಡಿದು ಎಂಜಿನ್ ಕುಂಟುತ್ತದೆ. ಇದಕ್ಕೆ ಕಣ್ಣಳತೆ ನಡೆಯದು. ಆರೂ ಗಾಲಿಗಳನ್ನು ಒಂದೇ ಒಂದು ಚೌಕಟ್ಟಿನಲ್ಲಿಟ್ಟು, ಎರಡು ಮೊಳೆಗಳ ಆಧಾರಕ್ಕೆ ದಂಡದ ಗೂಟಗಳನ್ನು ತಾಗಿಸಿ ಅಚ್ಚಿಗೆ ಒತ್ತಬೇಕು.

ಸಿಲಿಂಡರಿಗೆ ಉಗಿ ಬಿಡುವ ಕವಾಟವನ್ನು ನಡೆಸುವ ದಂಡಗಳದ್ದು ಇನ್ನೊಂದು ಕಥೆ. ಬೆಲ್ಜಿಯಂ ದೇಶದ ವಾಲ್‌ಶಾರ್ಟ್ಸ್ ಎಂಬ ಮೆಕ್ಯಾನಿಕನು 1844ರಲ್ಲಿ ರೂಪಿಸಿದ ಈ ಜೋಡಣೆಯೇ ನಮ್ಮ ಡಬ್ಲ್ಯು.ಪಿ.ಯಲ್ಲಿಯೂ ಇರುವುದು. ಮುಂದಕ್ಕೆ ಹೋಗುವಾಗ ಬಾಗಿದ ತುಂಡಿನೊಳಗೆ ದಂಡದ ತುದಿ ಒಂದು ಕಡೆಗೆ ಇಳಿಯುತ್ತದೆ. ಹಿಂದಕ್ಕೆ ಹೋಗುವಾಗ ಇನ್ನೊಂದು ಕಡೆಗೆ ಏರುತ್ತದೆ. ಓಟ ಹಿಡಿದ ಮೇಲೆ ಚಾಲಕನು ಅದನ್ನು ನಡುವಿನ ಕಡೆಗೆ ತಂದು ಉಗಿಯನ್ನು ಉಳಿಸುತ್ತಾನೆ. ಪುಸ್ತಕದ ಚಿತ್ರ ನೋಡಿ ಇದನ್ನು ಗೆರೆ ಎಳೆಯಬಹುದು. ಆದರೆ ಎಷ್ಟು ಸಡಿಲು ಬಿಟ್ಟರೆ ಸರಿ, ಯಾವ ಗೂಟ ಮೊದಲು ಸವೆಯುತ್ತದೆ, ಕವಾಟ ತಪ್ಪಿದಾಗ ಎಂಜಿನ್ನಿನ ಉಸಿರು ಹೇಗೆ ಕೇಳಿಸುತ್ತದೆ ಎಂಬುದನ್ನು ಪುಸ್ತಕ ಹೇಳದು. ಅದನ್ನು ಬಲ್ಲವರು ಮುತ್ಯಾನಂಥವರು. ಬ್ರಾಡ್ ಗೇಜಿನಲ್ಲಿ ಉಗಿ ಎಂಜಿನ್ನುಗಳ ನಿತ್ಯದ ಓಟ 1995ರಲ್ಲಿಯೇ ನಿಂತಿತು. ಅವುಗಳ ಮೇಲೆ ಕೈಯಾಡಿಸಿದ ಫಿಟ್ಟರುಗಳಲ್ಲಿ ಅತ್ಯಂತ ಕಿರಿಯರು ಕೂಡ ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ ಇಲ್ಲವೆ ಅದನ್ನು ದಾಟಿದ್ದಾರೆ. ತಂದೆಯವರು ಸಿಟ್ಟಾಗುವ ಮೊದಲು ಇದನ್ನೊಮ್ಮೆ ಆಲೋಚಿಸಲಿ. ಮನೆಯ ಹಿರಿಯರು ತಮ್ಮ ಜೀವಮಾನದ ವಿದ್ಯೆಯನ್ನು ಮೊಮ್ಮಗನಿಗೆ ಹೇಳುತ್ತಿದ್ದಾರೆ. ಹೇಳಲಿಕ್ಕೆ ಕೈಯಲ್ಲಿ ಒಂದು ವಸ್ತು ಬೇಕಾಗಿತ್ತು, ಅದು ಸಿಕ್ಕಿದೆ. ಮುತ್ಯಾನಿಗೆ ಕಣ್ಣು ಕಾಣಿಸದಿದ್ದರೂ ಚಿಂತೆಯಿಲ್ಲ. 87ರ ಮಾದರಿಯಾಗಿದ್ದರೆ ಬೆರಳಿಗೆ ಏನೂ ನಿಲುಕುತ್ತಿರಲಿಲ್ಲ. 32ರಲ್ಲಿ ಮುಟ್ಟಿ ಹೇಳಬಹುದು.

ಎಂಜಿನ್ನಿನ ಮುಂಭಾಗ ಡಬ್ಲ್ಯು.ಪಿ.ಯದೇ ಆಗಬೇಕಾದರೆ ಗುಂಡಿನಾಕಾರದ ಮೂತಿ ಬೇಕು, ಅದರ ಮೇಲೆ ನಕ್ಷತ್ರ ಬೇಕು, ಕೆಳಗೆ ದನಕರುಗಳು ಗಾಲಿಗೆ ಸಿಕ್ಕದಂತೆ ತಡೆಯುವ ಕಬ್ಬಿಣದ ಜಾಲರಿ ಬೇಕು. ಮೂತಿಯನ್ನು ಹಿತ್ತಾಳೆಯ ತಗಡಿನಲ್ಲಿ ಬಡಿದು ಎಬ್ಬಿಸುವುದು ನಮ್ಮ ಕಡೆಯ ಬೋಗಾರರಿಗೆ, ಕಂಚುಗಾರರಿಗೆ ಎಡಗೈ ಕೆಲಸ. ಹೋಗಿ ಕೇಳಲು ಹುಡುಗ ನಾಚಬಾರದು. ಈ ಬಗೆಯ ಮೊದಲ ಎಂಜಿನ್ನುಗಳು ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ 1947ರಲ್ಲಿ ಬಂದವು. ಹಳೆಯ ಎಂಜಿನ್ನುಗಳನ್ನು ನೋಡಲು ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯವಿದೆ. ಅಷ್ಟು ದೂರ ಹೋಗಲಾಗದಿದ್ದರೆ 1979ರಲ್ಲಿ ಆರಂಭವಾದ ಮೈಸೂರಿನ ಸಂಗ್ರಹಾಲಯಕ್ಕಾದರೂ ಹೋಗಿ ಉಗಿ ಎಂಜಿನ್ನುಗಳ ಬಳಿ ನಿಂತು ಬರಲಿ. ಪುಣೆಗಂತೂ ವಾಡಿಯಿಂದ ನೇರ ಗಾಡಿಗಳಿವೆ. ಟೇಪು, ನೋಟ್‌ಬುಕ್ಕು ಜೊತೆಗಿರಲಿ. ಅಳತೆ ತೆಗೆಯುವ ಮೊದಲು ಅಲ್ಲಿಯವರ ಅಪ್ಪಣೆ ಕೇಳಲಿ.

ವಾಡಿಯ ಧೂಳಿನ ಬಗ್ಗೆ ನಾವು ವಾಡಿಯವರಿಗೆ ಹೇಳಬೇಕಾದುದಿಲ್ಲ. ಸಾಮಾನ್ಯವಾಗಿ ಮಾದರಿ ರೈಲಿಗೆ ವಿದ್ಯುತ್ತು ಹಳಿಯಿಂದಲೇ ಗಾಲಿಗೆ ಹರಿಯುತ್ತದೆ. ಸಿಮೆಂಟಿನ ಧೂಳು, ಕಲ್ಲುಪುಡಿ ಹಳಿಯ ಮೇಲೆ ಕುಳಿತರೆ ಈ ಸಂಪರ್ಕ ತಪ್ಪಿ ಎಂಜಿನ್ ಹೆಜ್ಜೆಹೆಜ್ಜೆಗೆ ನಿಲ್ಲುತ್ತದೆ. ದಿನಾ ಬೆಳಗ್ಗೆ ಹಳಿ ಒರೆಸುವ ಕೆಲಸ ಕೊನೆಗೆ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ತಾಯಂದಿರು ಬಲ್ಲರು. ದೊಡ್ಡ ಪ್ರಮಾಣದ ಒಂದು ದೊಡ್ಡ ಅನುಕೂಲವೆಂದರೆ ಟೆಂಡರಿನೊಳಗೆ ಕಲ್ಲಿದ್ದಲಿನ ಜಾಗದಲ್ಲಿ ಬ್ಯಾಟರಿ ಹಿಡಿಯುತ್ತದೆ. ಹಳಿಗೆ ವಿದ್ಯುತ್ತು ಬೇಡವೇ ಬೇಡ. ವೇಗವನ್ನು ಕೈಯಲ್ಲಿಯ ರೇಡಿಯೋ ನಿಯಂತ್ರಣದಿಂದ ಹೆಚ್ಚು ಕಡಿಮೆ ಮಾಡಬಹುದು. ಎಂಜಿನ್ನಿನ ಮೈಗೆ ಪ್ಲಾಸ್ಟಿಕ್ ಹಾಳೆ ಹಾಕಬಾರದು. ನಮ್ಮ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಂಗಳದಲ್ಲಿ ಉಳಿದರೆ ಬಾಗಿಹೋಗುತ್ತದೆ. ಹಳಿಯೂ ಬಿಸಿಲಿಗೆ ಹಿಗ್ಗುತ್ತದೆ. ಹತ್ತು ಮೀಟರ್ ಹಿತ್ತಾಳೆಯ ಹಳಿ ಚಳಿಗಾಲದ ಬೆಳಗಿಗೂ ಬೇಸಿಗೆಯ ನಡುಹಗಲಿಗೂ ನಡುವೆ ಏಳೆಂಟು ಮಿ.ಮೀ. ವ್ಯತ್ಯಾಸ ತೋರುತ್ತದೆ. ಕೂಡುಗಳಲ್ಲಿ ಅಷ್ಟು ಸಂದು ಹಂಚಿ ಬಿಡಬೇಕು. ಹಾಸುಗಲ್ಲಿಗೆ ಮಾತ್ರ ನಾವು ಅದೃಷ್ಟವಂತರು: ಶಹಾಬಾದ ಫರಸಿಯಷ್ಟು ಸಮನಾದ ತಳಪಾಯ ಹೊರದೇಶದ ಹವ್ಯಾಸಿಗೆ ಹಣ ಕೊಟ್ಟರೂ ಸಿಕ್ಕದು, ನಮ್ಮಲ್ಲಿ ಅದು ಹಿತ್ತಲಲ್ಲಿ ಬಿದ್ದಿರುತ್ತದೆ.

ಪತ್ರದ ಕೊನೆಯಲ್ಲಿ ತಾಯಿ ಇನ್ನೊಂದು ಮಾತು ಬರೆದಿದ್ದಾರೆ. ಮಗನಿಗೆ ಬ್ಯಾಟರಿಯಿಂದ ಸಮಾಧಾನವಿಲ್ಲವಂತೆ. ನಿಜವಾದ ಉಗಿಯಿಂದಲೇ ಓಡಿಸುವ ಆಸೆಯಂತೆ. ಆಸೆ ಅಸಾಧ್ಯದ್ದಲ್ಲ. 32ರ ಪ್ರಮಾಣದಲ್ಲಿ ಸ್ಪಿರಿಟ್ಟು ಅಥವಾ ಗ್ಯಾಸಿನ ಉರಿಯಿಂದ ಓಡುವ ಉಗಿ ಎಂಜಿನ್ನುಗಳು ಬೇರೆ ದೇಶಗಳಲ್ಲಿ ಬಹಳ ಇವೆ. ಆದರೆ ನೀರು, ಬೆಂಕಿ ನಮ್ಮ ಪ್ರಮಾಣಕ್ಕೆ ತಕ್ಕಂತೆ ಚಿಕ್ಕವಾಗುವುದಿಲ್ಲ. ಬಾಯ್ಲರ್ ಚಿಕ್ಕದಾದಷ್ಟೂ ಅದರೊಳಗಿನ ನೀರಿಗೆ ಹೋಲಿಸಿದರೆ ಮೈ ಹೆಚ್ಚು, ಆದ್ದರಿಂದ ಶಾಖ ಬೇಗ ಸೋರುತ್ತದೆ, ನೀರೂ ಬೇಗ ಮುಗಿಯುತ್ತದೆ. ನೀರು ಮುಗಿದ ಬಾಯ್ಲರಿಗೆ ಉರಿ ತಾಗುತ್ತಲೇ ಇದ್ದರೆ ಏನಾಗುತ್ತದೆಂದು ಮುತ್ಯಾನೇ ಹೇಳಿಯಾರು. ರೇಡಿಯೋ ರಿಪೇರಿಯವರು ಬಳಸುವ ಸೀಸದ ಬೆಸುಗೆ 183 ಡಿಗ್ರಿಗೆ ಕರಗಲು ತೊಡಗುತ್ತದೆ. ಬಾಯ್ಲರಿಗೆ ಅದನ್ನು ಮುಟ್ಟಿಸಲೂ ಬಾರದು. ತಾಮ್ರದ ಕೊಳವೆ, ಬೆಳ್ಳಿ ಬೆಸುಗೆ, ತಾನಾಗಿ ತೆರೆದುಕೊಳ್ಳುವ ಸುರಕ್ಷಾ ಕವಾಟ, ಒತ್ತಡ ತೋರುವ ಮಾಪಕ, ಇವಿಲ್ಲದೆ ಉರಿ ಹಚ್ಚುವ ಮಾತೇ ಬೇಡ. ಮೊದಲು ತಣ್ಣೀರು ತುಂಬಿ, ಗಾಳಿಯೆಲ್ಲ ಹೊರಹಾಕಿ, ಕೆಲಸದ ಒತ್ತಡದ ಎರಡರಷ್ಟಕ್ಕೆ ಪಂಪಿನಿಂದ ಒತ್ತಿ ನೋಡಬೇಕು. ತಣ್ಣೀರಿನಲ್ಲಿ ಬೆಸುಗೆ ಬಿಟ್ಟರೆ ನೀರು ಚಿಮ್ಮುತ್ತದೆ, ಅಷ್ಟೇ. ಉಗಿಯಲ್ಲಿ ಬಿಟ್ಟರೆ ಮುಖ ಸುಡುತ್ತದೆ. ಶಹಾಬಾದದ ಎ.ವಿ.ಬಿ. ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಭಾರಿ ಬಾಯ್ಲರುಗಳನ್ನು ತಯಾರಿಸುತ್ತಿದ್ದರು. ಅಲ್ಲಿ ಬೆಸುಗೆಯ ಕೆಲಸ ಮಾಡಿ ನಿವೃತ್ತರಾದವರು ಈ ಭಾಗದ ಎಷ್ಟೋ ಮನೆಗಳಲ್ಲಿದ್ದಾರೆ. ಅಂಥವರೊಬ್ಬರನ್ನು ಹುಡುಕಿ, ಬಾಯ್ಲರನ್ನು ಅವರ ಮುಂದಿಟ್ಟು, ಅವರು ಸರಿ ಎನ್ನುವ ತನಕ ಅಂಗಳದಲ್ಲಿ ಬ್ಯಾಟರಿಯ ಎಂಜಿನ್ನೇ ಓಡಲಿ.