ಕಚ್ಚದ ಚಿಲಕ

ಅಮೆರಿಕದ ಜೋಸೆಫೀನ್ ಕಾಕ್ರೇನ್ ಎಂಬಾಕೆ ತನ್ನ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದುದು 1886ರಲ್ಲಿ. ಉಜ್ಜುವ ಕುಂಚವನ್ನಲ್ಲ, ರಭಸದಿಂದ ಚಿಮ್ಮುವ ನೀರನ್ನೇ ಆಕೆ ನೆಚ್ಚಿದ್ದಳು. ಇಂದಿನ ಯಂತ್ರದ ಬಲವೂ ಅದೇ. ಆ ಬಲಕ್ಕೆ ಬಾಗಿಲಿನ ಚಿಲಕವೇ ಕಾವಲು. ಚಿಲಕ ಸರಿಯಾಗಿ ಕಚ್ಚದಿದ್ದರೆ ಒಳಗಿನ ಪುಟ್ಟ ಸ್ವಿಚ್ಚು ಅದುಮಿಕೊಳ್ಳದು, ಯಂತ್ರ ಚಲಿಸದು. ಅದು ಯಂತ್ರದ ಹಟವಲ್ಲ, ವಿವೇಕ.

ಆಗ ಬಾಗಿಲನ್ನು ಗುದ್ದಿ ಮುಚ್ಚುವುದು ತರವಲ್ಲ. ಪಾತ್ರೆಗಳ ಜಾಲರಿಯನ್ನು ಮೊದಲು ಪೂರ್ತಿಯಾಗಿ ಒಳಕ್ಕೆ ತಳ್ಳಿ ನೋಡಬೇಕು. ಎಷ್ಟೋ ಸಲ ಅಪರಾಧಿಯೆಂದರೆ ಹೊರಚಾಚಿದ ಒಂದು ಸೌಟಿನ ಹಿಡಿ! ಬಳಿಕ ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಅಂಚಿನ ರಬ್ಬರು ಪಟ್ಟಿ ಸ್ಥಳ ಬಿಟ್ಟು ಜಾರಿದೆಯೇ, ಚಿಲಕದಲ್ಲಿ ಜಿಡ್ಡು ಕಟ್ಟಿದೆಯೇ, ಅದರ ತಿರುಪುಮೊಳೆಗಳು ಸಡಿಲಿವೆಯೇ ಎಂದು ಪರೀಕ್ಷಿಸಬೇಕು. ಯಂತ್ರವು ಒಂದು ಕಡೆಗೆ ವಾಲಿದ್ದರೂ ಚಿಲಕವು ತನ್ನ ಕೊಂಡಿಯನ್ನು ಸಂಧಿಸದು. ಕೆಳಗಿನ ಕಾಲುಗಳನ್ನು ತಿರುಗಿಸಿ ಮಟ್ಟಮಾಡಿದರೆ ಸರಿಹೋದೀತು. ಚಿಲಕವೇ ಮುರಿದಿದ್ದರೆ ಹೊಸದನ್ನು ಹಾಕಿಸದೆ ಗತ್ಯಂತರವಿಲ್ಲ.

ಸ್ವಿಚ್ಚನ್ನು ಕಡ್ಡಿಯಿಂದ ಅದುಮಿಟ್ಟು ಯಂತ್ರವನ್ನೇ ಏಮಾರಿಸುವ ಜಾಣರೂ ಉಂಟು. ಆದರೆ ತೆರೆದ ಸಂದಿನಿಂದ ಬಿಸಿನೀರು ಚಿಮ್ಮಿದಾಗ, ಆ ಜಾಣತನದ ಬೆಲೆಯನ್ನು ತೆರಬೇಕಾಗುವುದು ಪಕ್ಕದಲ್ಲಿ ನಿಂತು ನೋಡುತ್ತಿರುವ ಮಗು.