ಡಿಫಿಬ್ರಿಲೇಟರ್‌ ಬೀರುವಿನಲ್ಲಿದ್ದರೆ ಸಾಲದು



2025ರ ಮೇ–ಜೂನ್‌ನಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂತು. ಇವುಗಳ ತನಿಖೆಗೆ ಸರ್ಕಾರ ನೇಮಿಸಿದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, 20ರಲ್ಲಿ ಹೃದಯದ ತೊಂದರೆಯೇ ಕಾರಣ ಅಥವಾ ಸಂಭಾವ್ಯ ಕಾರಣ ಎಂದಿತು. ಮೃತರಲ್ಲಿ ಆಟೊ, ಟ್ಯಾಕ್ಸಿ ಚಾಲಕರೂ ಇದ್ದರು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆ ತಲುಪಿದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ, ಸಂತೋಷ. ತಲುಪಲಾಗದವರ ಗತಿ?

ಕಲ್ಲು ಕ್ವಾರಿಯಲ್ಲೋ, ನಾಲೆ ಕಾಮಗಾರಿಯಲ್ಲೋ, ಅರಕಲಗೂಡಿನ ತಂಬಾಕು ಬ್ಯಾರನ್‌ ಬಳಿಯೋ ಒಬ್ಬರ ಹೃದಯ ಲಯ ತಪ್ಪಿ ನಿಂತರೆ, ಲಯ ಸರಿಪಡಿಸುವ ವಿದ್ಯುತ್ ಶಾಕ್ ತಡವಾಗುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತದೆ. 108 ಆಂಬುಲೆನ್ಸ್ ಬರುವವರೆಗೆ ಎದೆ ಒತ್ತುವ (ಸಿಪಿಆರ್) ಕೈಗಳು ಮತ್ತು ಎಇಡಿ ಎಂಬ ಸ್ವಯಂಚಾಲಿತ ಡಿಫಿಬ್ರಿಲೇಟರ್ ಯಂತ್ರವೇ ಆಸರೆ. ಯಂತ್ರವೇ ಹೃದಯದ ಲಯ ಓದಿ, ಬೇಕಿದ್ದರೆ ಮಾತ್ರ ಶಾಕ್ ಕೊಡುತ್ತದೆ. ಓದು ಬರಹ ಬಾರದ ಮೇಸ್ತ್ರಿಯೂ ಬಳಸಬಹುದು, ಅದರ ಧ್ವನಿ ಸೂಚನೆ ಕನ್ನಡದಲ್ಲಿದ್ದರೆ.

ಆದರೆ ಯಂತ್ರ ಕೊಂಡು ಕಚೇರಿಯೊಳಗಿಟ್ಟು ಬೀಗ ಹಾಕಿದರೆ ಏನು ಪ್ರಯೋಜನ? ಎದೆಗೆ ಅಂಟಿಸುವ ಪ್ಯಾಡ್‌ಗಳ ಅಂಟುಜೆಲ್ ಒಣಗುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ತಗಡಿನ ಶೆಡ್ಡಿನ ಕಾವು ಬ್ಯಾಟರಿಯನ್ನು ಕೊಲ್ಲುತ್ತದೆ. ಯಂತ್ರ ಸಿದ್ಧವಿದೆ ಎಂದು ತೋರಿಸುವ ಹಸಿರು ದೀಪ ನೋಡುವ ಹೊಣೆ ಒಬ್ಬರ ಹೆಸರಿಗಿರಲಿ. ಪ್ಯಾಡ್ ಸರಿಯಾಗಿ ಅಂಟುವಂತೆ ಬೆವರು ಒರೆಸಲು ಬಟ್ಟೆ, ಎದೆಗೂದಲು ತೆಗೆಯಲು ರೇಜರ್ ಜೊತೆಗಿರಲಿ. ಸರ್ಕಾರಿ ಕಾಮಗಾರಿಗಳ ಟೆಂಡರ್‌ನಲ್ಲೇ ಎಇಡಿ, ಅದರ ನಿರ್ವಹಣೆ ಮತ್ತು ಕೂಲಿಕಾರರಿಗೆ ಸಿಪಿಆರ್ ತರಬೇತಿಯನ್ನು ಜಿಲ್ಲಾಡಳಿತ ಕಡ್ಡಾಯಗೊಳಿಸಬೇಕು.

– ಓದುಗ, ಹೊಳೆನರಸೀಪುರ